ಕೊನೆ ವೀಳ್ಯಕ್ಕೆ ಹನ್ನೊಂದು ಜನ

ಮಧುಗಿರಿಯ ಗಂಗಹನುಮಯ್ಯನವರಿಗೆ ಸಂಬಳ ಕೊಡುತ್ತಿದ್ದದ್ದು ಸರ್ಕಾರ, ಆದರೆ ಅವರು ಬದುಕಿದ್ದದ್ದು ಮೈಕಿಗಾಗಿ. ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕರು. ಬೆಳಗ್ಗೆ ಹೋಗಿ ಕುರ್ಚಿಗೆ ಟವೆಲ್ ಹಾಕಿದರೆಂದರೆ ಅರ್ಧ ಕೆಲಸ ಮುಗಿದ ಹಾಗೆ. ಉಳಿದರ್ಧವನ್ನು ಟವೆಲ್ಲೇ ನೋಡಿಕೊಳ್ಳುತ್ತಿತ್ತು. ಇವರು ಮಾತ್ರ ಯಾರದೋ ನಿವೃತ್ತಿ ಸಮಾರಂಭದಲ್ಲೋ, ಗಣೇಶನ ಪೆಂಡಾಲಿನಲ್ಲೋ, ದೊಡ್ಡೇರಿ ಕಡೆ ಹಾಲಿನ ಡೇರಿ ಕಟ್ಟಡದ ಉದ್ಘಾಟನೆಯಲ್ಲೋ ನಿರೂಪಣೆ ಮಾಡುತ್ತಿದ್ದರು. ಕರೆದರೆ ಹೋಗುತ್ತಿದ್ದರು. ಕರೆಯದಿದ್ದರೆ ಮೈಕು ಸರಿಯಾಗಿದೆಯಾ ನೋಡಿಕೊಡೋಣ ಅಂತ ಹೋಗುತ್ತಿದ್ದರು. ಒಂದು ಸಲ ಊದಿದ ಮೇಲೆ ಅವರ ಕೈಯಿಂದ ಮೈಕು ಕಿತ್ತುಕೊಂಡವರು ನಾಲ್ಕು ತಾಲ್ಲೂಕಿನಲ್ಲೂ ಯಾರೂ ಇಲ್ಲ.

ಅವರ ಬತ್ತಳಿಕೆಯಲ್ಲಿ ಇಂಗ್ಲಿಷಿನದು ಅಂತ ಇದ್ದದ್ದು ಒಂದೇ ಒಂದು ಬಾಣ. ಹಿಂದೊಮ್ಮೆ ತುಮಕೂರಿನಲ್ಲಿ ಮೂರು ದಿನದ ತರಬೇತಿಗೆ ಹೋಗಿದ್ದಾಗ ದೊಡ್ಡ ಸಾಹೇಬರೊಬ್ಬರು ಭಾಷಣದ ಕೊನೆಯಲ್ಲಿ 'ಲಾಸ್ಟ್ ಬಟ್ ನಾಟ್ ಲೀಸ್ಟ್' ಅಂದರಂತೆ. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತಂತೆ. ಜನ ಚಪ್ಪಾಳೆ ತಟ್ಟಿದ್ದು ಇನ್ನು ಊಟಕ್ಕೆ ಬಿಡ್ತಾರಲ್ಲ ಅನ್ನುವ ಸಂತೋಷಕ್ಕೆ. ಗಂಗಹನುಮಯ್ಯನವರಿಗೆ ಅದೆಲ್ಲಿ ಹೊಳೆಯಬೇಕು? ಹೀಗಂದರೆ ಚಪ್ಪಾಳೆ ಬೀಳುತ್ತೆ ಅಂತ ಬರೆದುಕೊಂಡು ಬಂದರು. ಅರ್ಥ ಕೇಳಲಿಲ್ಲ. ಚಪ್ಪಾಳೆ ಬಿದ್ದ ಮೇಲೆ ಅರ್ಥ ಯಾರಿಗೆ ಬೇಕು, ಅಲ್ಲವೇ?

ಅಂದಿನಿಂದ ಒಂದೊಂದು ಭಾಷಣದಲ್ಲಿ ನಾಲ್ಕು ನಾಲ್ಕು ಸಲ ಲಾಸ್ಟ್ ಬಟ್ ನಾಟ್ ಲೀಸ್ಟ್. ಮಾಜಿ ಸದಸ್ಯರು ಲಾಸ್ಟ್ ಬಟ್ ನಾಟ್ ಲೀಸ್ಟ್, ಅವರಾದ ಮೇಲೆ ಹೂವಿನ ಹಾರ ಕೊಡಿಸಿದವರು ಲಾಸ್ಟ್ ಬಟ್ ನಾಟ್ ಲೀಸ್ಟ್, ಅವರಾದ ಮೇಲೆ ಶಾಮಿಯಾನದವರು, ಎಲ್ಲ ಮುಗಿಯಿತು ಅಂತ ಜನ ಎದ್ದು ಚಪ್ಪಲಿ ಹುಡುಕುವಾಗ ಮೈಕ್‌ಸೆಟ್ಟಿನವರು. ಮೈಕ್‌ಸೆಟ್ಟಿನವರನ್ನು ಮಾತ್ರ ಅವರು ಯಾವತ್ತೂ ಮರೆತವರಲ್ಲ. ಇದಕ್ಕೆಲ್ಲ ಅಭ್ಯಾಸ ಮನೆಯಲ್ಲೇ, ಅಡುಗೆಮನೆ ಬಾಗಿಲಲ್ಲಿ, ಕೈಯಲ್ಲಿ ಸೌಟು ಹಿಡಿದು. ಹೆಂಡತಿ ರಾಜಲಕ್ಷ್ಮಮ್ಮ ಮುದ್ದೆ ತಿರುವುತ್ತಾ ಕೇಳಿಸಿಕೊಳ್ಳುತ್ತಿದ್ದರು. ಸೌಟು ಬೇಕಾದಾಗ ಕೈಯಿಂದ ತೆಗೆದುಕೊಳ್ಳುತ್ತಿದ್ದರು.

ಇಂಥವರ ಒಬ್ಬಳೇ ಮಗಳು ಬಿಂದುಶ್ರೀ. ನರ್ಸಿಂಗ್ ಓದಿ ಕೊರಟಗೆರೆಯಲ್ಲಿ ಕೆಲಸಕ್ಕಿದ್ದಳು. ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿ ಪಕ್ಕದ ಊರಿಂದ ನವೀನ್ ಕುಮಾರ್ ಅನ್ನೋ ಹುಡುಗ ಬಂದು ನೋಡಿದ. ಅವಳೂ ನೋಡಿದಳು. ಇಬ್ಬರೂ ಅವತ್ತೇ ಒಪ್ಪಿದರು. ಹುಡುಗನಿಗೆ ತಂದೆ ಇಲ್ಲ. ತಾಯಿ ವೇದಾವತಿ ಮಾತು ಕಮ್ಮಿ. ಆ ಮನೆಯಲ್ಲಿ ಆಗು ಅಂದರೆ ಆಗಬೇಕು, ಬೇಡ ಅಂದರೆ ಬೇಡ, ಹಾಗೆ ನಡೆಯುತ್ತಿದ್ದದ್ದು ದೊಡ್ಡಪ್ಪ ಸಣ್ಣರಂಗಯ್ಯನವರ ಮಾತು. ಹೆಸರಿನಲ್ಲಿ ಸಣ್ಣ ಇತ್ತಷ್ಟೇ, ಮಿಕ್ಕಿದ್ದೆಲ್ಲ ದೊಡ್ಡದೇ.

ನಿಶ್ಚಿತಾರ್ಥಕ್ಕೆ ಬಂದಿದ್ದವರು ಎಂಬತ್ತು ಜನ. ಕೂಗಿದರೆ ಕೇಳುವಷ್ಟು ಜಾಗ. ಅದಕ್ಕೂ ಗಂಗಹನುಮಯ್ಯನವರು ಮೈಕು ತರಿಸಿದರು. ಹೆಣ್ಣಿನ ತಂದೆ ಪಂಚೆ ಸರಿಮಾಡಿಕೊಂಡು ವೇದಿಕೆ ಹತ್ತಿ ಸ್ವಾಗತ ಭಾಷಣ ಶುರು ಮಾಡಿದ್ದನ್ನು ಐನೋರು ಬಾಯಿ ಬಿಟ್ಟುಕೊಂಡು ನೋಡಿದರು. ಸಣ್ಣರಂಗಯ್ಯನವರು ಬಂದದ್ದು ತಡವಾಗಿ. ಹಾಗಾಗಿ ಅವರ ಹೆಸರು ಪಟ್ಟಿಯ ತುದಿಗೆ ಹೋಯಿತು. ಗಂಗಹನುಮಯ್ಯನವರು ಗಂಟಲು ಸರಿಮಾಡಿಕೊಂಡು, ಲಾಸ್ಟ್ ಬಟ್ ನಾಟ್ ಲೀಸ್ಟ್, ನಮ್ಮ ಬೀಗರಾದ ಸಣ್ಣರಂಗಯ್ಯನವರು, ಅಂದರು. ಚಪ್ಪಾಳೆ ಬಿತ್ತು. ಸಣ್ಣರಂಗಯ್ಯನವರೂ ತಟ್ಟಿದರು.

ಊಟಕ್ಕೆ ಕೂತಾಗ ಅವರ ಪಕ್ಕದ ಎಲೆಯಲ್ಲಿದ್ದದ್ದು ರೇಣುಕಪ್ರಸಾದ್. ಗಂಗಹನುಮಯ್ಯನವರ ಎದುರು ಮನೆಯವರು, ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ನಮ್ಮ ಬೀಗರು ಅದೇನೋ ಅಂದ್ರಲ್ಲ ಮೇಷ್ಟ್ರೇ, ಹಂಗಂದ್ರೇನು ಅಂತ ಸಣ್ಣರಂಗಯ್ಯ ಕೇಳಿದರು. ಮೇಷ್ಟ್ರು ಅನ್ನ ಕಲಸುತ್ತಾ ಕ್ಲಾಸಿನಲ್ಲಿ ಹೇಳುವ ಹಾಗೇ ಬಿಡಿಸಿ ಹೇಳಿದರು. ಲಾಸ್ಟ್ ಅಂದ್ರೆ ಕೊನೆ, ಬಟ್ ಅಂದ್ರೆ ಆದ್ರೆ, ನಾಟ್ ಅಂದ್ರೆ ಅಲ್ಲ, ಲೀಸ್ಟ್ ಅಂದ್ರೆ ತೀರಾ ಕಮ್ಮಿ. ಒಟ್ಟಿನ ಮೇಲೆ, ಕೊನೆಯವರು, ಆದರೂ ತೀರಾ ಕಮ್ಮಿಯವರಲ್ಲ.

ಸಣ್ಣರಂಗಯ್ಯನವರ ಬಾಯಲ್ಲಿದ್ದ ಹೋಳಿಗೆ ಅಲ್ಲೇ ನಿಂತಿತು.

"ತೀರಾ ಕಮ್ಮಿಯೋನಲ್ಲ ಅಂದ್ರೆ, ಸ್ವಲ್ಪ ಕಮ್ಮಿಯೋನು ಅಂತ ತಾನೆ ಮೇಷ್ಟ್ರೇ?"

ರೇಣುಕಪ್ರಸಾದ್‌ಗೆ ಆಗ ತಪ್ಪು ಗೊತ್ತಾಯಿತು. ಆದರೆ ಎಲೆಗೆ ಪಾಯಸ ಬಿದ್ದುಬಿಟ್ಟಿತ್ತು, ಅದು ಹರಿದುಹೋಗದ ಹಾಗೆ ನೋಡಿಕೊಳ್ಳುವುದೇ ಅವರಿಗೆ ದೊಡ್ಡದಾಯಿತು. ಸಣ್ಣರಂಗಯ್ಯ ಎದ್ದು ಕೈ ತೊಳೆದರು. ತಾಂಬೂಲ ಮುಟ್ಟಲಿಲ್ಲ. ಮೂರನೇ ದಿನಕ್ಕೆ ಫೋನ್ ಬಂತು. ಎಂಬತ್ತು ಜನದ ಮುಂದೆ, ಅದೂ ಮೈಕಿನಲ್ಲಿ, ಕೊನೆಯವನು ಅನ್ನಿಸಿಕೊಂಡವನ ಮನೆಗೆ ಹೆಣ್ಣು ಕೊಡೋಕೆ ನಿಮಗೂ ಕಷ್ಟ ಆಗಬಹುದು, ಯೋಚನೆ ಮಾಡಿ, ಅಂತ ಹೇಳಿ ಇಟ್ಟುಬಿಟ್ಟರು.

ರಾಜಲಕ್ಷ್ಮಮ್ಮ ಗಂಡನ ಮುಂದೆ ಬಂದು ನಿಂತು, ಮಗಳ ಮದುವೆ ಮುರಿದರೆ ಆ ಮೈಕನ್ನ ನುಂಗಿಸಿಬಿಡ್ತೀನಿ ಅಂದರು. ಹೇಳಿದ್ದು ಮೆತ್ತಗೆ. ಅದಕ್ಕೇ ಗಂಗಹನುಮಯ್ಯನವರಿಗೆ ಭಯವಾಯಿತು.

ಎದುರು ಮನೆ ಮೇಷ್ಟ್ರನ್ನೇ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬೀಗರ ಮನೆಗೆ ಹೊರಟರು. ಅರ್ಥ ಹೇಳಿ ಕೆಡಿಸಿದವರು ಇವರೇ ಅನ್ನೋದು ಅವರಿಗೆ ಗೊತ್ತಿರಲಿಲ್ಲ, ಮೇಷ್ಟ್ರೂ ದಾರಿಯುದ್ದಕ್ಕೂ ಮಳೆ ಬೆಳೆ ಮಾತಾಡಿಕೊಂಡೇ ಬಂದರು. ಸಣ್ಣರಂಗಯ್ಯ ಜಗಲಿ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಬನ್ನಿ ಅಂದರು, ಕೂತ್ಕೊಳ್ಳಿ ಅನ್ನಲಿಲ್ಲ. ಅವರ ಹೆಂಡತಿ ಮಾರಕ್ಕ ಒಳಬಾಗಿಲಲ್ಲಿ ನಿಂತಿದ್ದರು, ಕಾಫಿಗೆ ಹಾಲು ಇಡಬೇಕೋ ಬೇಡವೋ ಅಂತ ಗಂಡನ ಮುಖ ನೋಡುತ್ತಾ. ಆ ಮೇಷ್ಟ್ರೇ ಅಲ್ವಾ ಅವತ್ತು ನಂಗೆ ಅರ್ಥ ಹೇಳಿದ್ದು, ಅಂತ ಸಣ್ಣರಂಗಯ್ಯ ಬೆರಳು ತೋರಿಸಿದಾಗ ಗಂಗಹನುಮಯ್ಯನವರು ತಿರುಗಿ ನೋಡಿದ ನೋಟಕ್ಕೆ ಬೇರೆ ಯಾರಾದರೂ ಆಗಿದ್ದರೆ ಓಡಿಹೋಗುತ್ತಿದ್ದರು. ಮೇಷ್ಟ್ರಿಗೆ ಇಪ್ಪತ್ತು ವರ್ಷದ ಸರ್ವೀಸು. "ಅವತ್ತು ನಾನು ಹೇಳಿದ್ದು ಒಂದೊಂದು ಪದದ ಅರ್ಥ, ಯಜಮಾನ್ರೆ. ಇವತ್ತು ಇಡೀ ಮಾತಿನ ಅರ್ಥ ಹೇಳೋಕೇ ಬಂದಿದೀನಿ" ಅಂದರು.

ಕೊನೆಗೆ ಹೆಸರು ಹೇಳಿದರೂ ಕಡೆಗಣಿಸಿದ ಹಾಗಲ್ಲ, ಅವರೂ ಎಲ್ಲರಷ್ಟೇ ಮುಖ್ಯ ಅಂತ, ಅಷ್ಟೇ ಅದರ ಅರ್ಥ. ಮೇಷ್ಟ್ರು ಅಷ್ಟೇ ಹೇಳಿದರು. ಅಲ್ಲಿಗೇ ಬಿಟ್ಟಿದ್ದರೆ ಈ ಕಥೆಯೂ ಅಲ್ಲಿಗೇ ಮುಗಿಯುತ್ತಿತ್ತು. ಗಂಗಹನುಮಯ್ಯನವರು ಬಿಡಬೇಕಲ್ಲ. ಎಲ್ಲರಷ್ಟೇ ಅಂದಾಗ ಬೀಗರ ಮುಖ ಅರಳದೇ ಇದ್ದದ್ದು ಕಂಡು, ಎಲ್ಲರಿಗಿಂತ ಅಂತ ತಾವೇ ಏರಿಸಿದರು. ದೊಡ್ಡ ದೊಡ್ಡ ಸಭೆಗಳಲ್ಲಿ ಮೊದಲು ಕರೆಯೋದು ಯಾರನ್ನ? ಕುರ್ಚಿ ತುಂಬಲಿ ಅಂತ ಸಣ್ಣಪುಟ್ಟವರನ್ನ. ದೊಡ್ಡವರನ್ನ ಕರೆದುಬಿಟ್ಟರೆ ಜನ ಎದ್ದು ಹೋಗ್ತಾರೆ, ಅದಕ್ಕೇ ಕೊನೆಗಿಟ್ಟುಕೊಳ್ಳೋದು. ಇಂಗ್ಲಿಷಿನವರಲ್ಲಂತೂ ರಾಜನ ಹೆಸರು ಯಾವತ್ತೂ ಕೊನೆಗೇ. ಮೇಷ್ಟ್ರು ಕೆಮ್ಮಿದರು. ಗಂಗಹನುಮಯ್ಯ ಅವರ ಕಾಲು ತುಳಿದರು.

ಸಣ್ಣರಂಗಯ್ಯ ಸ್ವಲ್ಪ ಹೊತ್ತು ಮೀಸೆ ಸವರಿಕೊಂಡರು. ಆಮೇಲೆ ಒಳಗೆ ತಿರುಗಿ ಕಾಫಿ ತಾರೆ ಅಂದರು. ಕಾಫಿ ಜೊತೆಗೆ ಒಂದು ಷರತ್ತೂ ಬಂತು.

"ಹಂಗಾದ್ರೆ ಮದ್ವೇಲಿ ಕೊನೆ ವೀಳ್ಯ ನಂದು."

ಇದು ಎಂಥ ಮಾತು ಅಂತ ಆ ಕಡೆಯ ನೆಂಟಸ್ತನ ಗೊತ್ತಿದ್ದವರಿಗೆ ಮಾತ್ರ ಗೊತ್ತು. ಈ ಎರಡು ಕಡೆಯ ಮನೆತನಗಳಲ್ಲೂ ತಾಳಿಗೆ ಮುಂಚೆ ಹನ್ನೊಂದು ಮನೆಗಳ ಯಜಮಾನರನ್ನು ಹೆಸರು ಹಿಡಿದು ಕರೆದು ತಟ್ಟೆಯಿಂದ ವೀಳ್ಯ ಕೊಡಬೇಕು. ಎರಡು ಎಲೆ, ಒಂದು ಅಡಿಕೆ. ಹನ್ನೊಂದೂ ತಟ್ಟೆಯಿಂದ ಎದ್ದ ಮೇಲೇ ಗಟ್ಟಿಮೇಳ. ಮೊದಲ ವೀಳ್ಯ ಯಾರಿಗೆ ಅನ್ನೋದಕ್ಕೆ ತಲೆ ಒಡೆದುಕೊಂಡವರಿದ್ದಾರೆ. ಸಣ್ಣರಂಗಯ್ಯನವರ ತಾತ ಒಮ್ಮೆ ಮೊದಲ ವೀಳ್ಯ ತಪ್ಪಿತು ಅಂತ ಬಾಸಿಂಗ ಕಟ್ಟಿದ್ದ ಮದುಮಗನನ್ನೇ ಎತ್ತಿನ ಗಾಡಿಯಲ್ಲಿ ವಾಪಸು ಕರೆದುಕೊಂಡು ಹೋಗಿದ್ದರಂತೆ. ಅಂಥ ಮನೆಯವರು ಮೊದಲನೆಯದನ್ನು ಬಿಟ್ಟು ಕೊನೆಯದು ಕೇಳಿದರು. ಗಂಗಹನುಮಯ್ಯನವರು, ಆಗಲಿ, ಖಂಡಿತ, ನಿಮಗಲ್ಲದೆ ಇನ್ಯಾರಿಗೆ, ಅಂತ ಕೈ ಮುಗಿದು ಗೆದ್ದುಬಂದೆ ಅಂತ ಸ್ಕೂಟರ್ ಹತ್ತಿದರು.

ಅವರು ಮಧುಗಿರಿ ಮುಟ್ಟುವ ಮೊದಲೇ ಸುದ್ದಿ ನೆಂಟರ ವಾಟ್ಸಾಪ್ ಗುಂಪು ಮುಟ್ಟಿತ್ತು. ಪಟ್ಟನಾಯಕನಹಳ್ಳಿ ಕಡೆಯವರು ಮೊದಲ ವೀಳ್ಯ ಬಿಟ್ಟುಕೊಟ್ಟರಂತೆ ಅಂದರೆ ಅದರಲ್ಲಿ ಏನೋ ಇರಲೇಬೇಕು. ದೊಡ್ಡವರಿಗೇ ಕೊನೆಯದು ಅನ್ನೋ ಗುಟ್ಟು ತಿಳಿದುಕೊಳ್ಳೋಕೆ ಅರ್ಧ ದಿನ ಹಿಡಿಯಿತು. ಮಾರನೇ ದಿನ ರಾಜಲಕ್ಷ್ಮಮ್ಮನ ತಮ್ಮ ಕುಮಾರಸ್ವಾಮಿ ನಾಗಲಮಡಿಕೆಯಿಂದ ಬೈಕಿನಲ್ಲಿ ಬಂದಿಳಿದ. ಹೋದ ವರ್ಷ ಗೃಹಪ್ರವೇಶದಲ್ಲಿ ತನ್ನನ್ನು ಮೊದಲು ಕರೆಯಲಿಲ್ಲ ಅಂತ ಊಟ ಬಿಟ್ಟು ಹೋಗಿದ್ದ ಮನುಷ್ಯ. ಹೆಲ್ಮೆಟ್ಟೂ ತೆಗೆಯದೆ ಏನು ಭಾವ ಇದು ಅಂತ ಅವರ ಕಡೆಯ ತೆಲುಗಿನಲ್ಲೇ ಶುರು ಮಾಡಿದ.

"ಏಮಿ ಬಾವಾ ಇದಿ, ಸೋದರಮಾವ ನಾನು. ನನ್ನ ಮೊದ್ಲು ಕರ್ದು ಕುರ್ಚಿ ತುಂಬುಸ್ಕೊಂಡು, ಆಯಪ್ಪನ್ನ ಲಾಸ್ಟ್‌ಗೆ ಇಟ್ಕೊಂತೀರಾ?"

ಹೆಂಡತಿಯ ತಮ್ಮ. ಇಲ್ಲ ಅಂದರೆ ಬಾಳುವುದು ಕಷ್ಟ. ಗಂಗಹನುಮಯ್ಯನವರು ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಯಾರಿಗೂ ಹೇಳಬೇಡ, ಕೊನೆ ನಿಂದೇ, ಅಂದರು. ಸಂಜೆಗೆ ಸ್ವಂತ ಅಣ್ಣ ಗಂಗಯ್ಯ ಬಂದ. ಅವನನ್ನೂ ಹಿತ್ತಲಿಗೆ ಕರೆದುಕೊಂಡು ಹೋದರು. ಆ ವಾರವೆಲ್ಲ ಹಿತ್ತಲಿಗೆ ಹೋಗೋದು ಬರೋದೇ ಕೆಲಸ. ವಾರ ಕಳೆಯುವಷ್ಟರಲ್ಲಿ ಹನ್ನೊಂದು ಮನೆಗೂ ಕೊನೆ ವೀಳ್ಯದ ಮಾತು ಕೊಟ್ಟಾಗಿತ್ತು, ಯಾರಿಗೂ ಹೇಳಬೇಡಿ ಅಂತಲೂ ಹೇಳಿಯಾಗಿತ್ತು. ಕೊನೆ ಅನ್ನೋದು ಒಂದೇ ಇರುತ್ತೆ ಅನ್ನುವ ತಿಳಿವಳಿಕೆ ಅವರ ಭಾಷಣದಲ್ಲೇ ಇರಲಿಲ್ಲ, ಇನ್ನು ಹಿತ್ತಲಲ್ಲಿ ಎಲ್ಲಿಂದ ಬರಬೇಕು?

ಕಚೇರಿಗೂ ಇದರ ಗಾಳಿ ಬೀಸಿತು. ಸೂಪರಿಂಟೆಂಡೆಂಟ್ ಮಹಾಲಿಂಗಯ್ಯನವರು ಒಳಗೆ ಕರೆಸಿಕೊಂಡು, ಹಂಗಾದ್ರೆ ಹೋದ ತಿಂಗಳು ಬೀಳ್ಕೊಡುಗೆಯಲ್ಲಿ ನನ್ನನ್ನ ಮೊದಲು ಸ್ವಾಗತಿಸಿದ್ದು ಯಾಕೆ ಅಂತ ಕೇಳಿದರು. ಉತ್ತರ ಸರಿಬರಲಿಲ್ಲ. ಮಾರನೇ ದಿನದಿಂದ ಅವರು ಹಾಜರಿ ಪುಸ್ತಕಕ್ಕೆ ಕೊನೆಗೇ ರುಜು ಹಾಕುತ್ತೇನೆ ಅಂತ ಹಟ ಹಿಡಿದರು. ಕೊನೆಗೆ ಅಂದರೆ ಎಲ್ಲರೂ ಬಂದ ಮೇಲೆ. ಆ ಕಚೇರಿಯಲ್ಲಿ ಎಲ್ಲರೂ ಬಂದ ದಿನ ಅಂತ ಒಂದಿಲ್ಲ. ಪುಸ್ತಕದಲ್ಲಿ ಅವರ ಜಾಗ ಈಗಲೂ ಖಾಲಿ ಇದೆ.

ಲಗ್ನಪತ್ರಿಕೆ ಅಚ್ಚು ಹಾಕಿಸುವಾಗ ಇನ್ನೊಂದು ಫಜೀತಿ. ಸುಖಾಗಮನ ಬಯಸುವವರ ಪಟ್ಟಿಯಲ್ಲಿ ಎಲ್ಲರಿಗೂ ಕೆಳಗಿನ ಸಾಲೇ ಬೇಕು. ಪ್ರೆಸ್ಸಿನವನು ಎರಡು ಸಲ ಪ್ರೂಫ್ ತೆಗೆದು, ಮೂರನೇ ಸಲ ತಲೆ ಕೆಟ್ಟು, ಹನ್ನೊಂದು ಹೆಸರನ್ನೂ ಬಳೆಯ ಹಾಗೆ ಸುತ್ತ ಬರೆದು ನಡುವೆ ಗಣಪತಿಯನ್ನು ಕೂರಿಸಿಬಿಟ್ಟ. ಗಂಗಹನುಮಯ್ಯನವರಿಗೆ ಇದು ಬಹಳ ಹಿಡಿಸಿತು. ಯಾರು ಕೇಳಿದರೂ ಅವರ ಹೆಸರು ಕೆಳಗೆ ಬರುವ ಹಾಗೆ ಪತ್ರಿಕೆ ತಿರುಗಿಸಿ ಕೊಡುತ್ತಿದ್ದರು. ಗಣಪತಿ ತಲೆಕೆಳಗಾದದ್ದನ್ನು ಯಾರೂ ನೋಡಲಿಲ್ಲ, ಎಲ್ಲರೂ ಅವರವರ ಹೆಸರು ನೋಡಿಕೊಳ್ಳುತ್ತಿದ್ದರು.

ರಾಜಲಕ್ಷ್ಮಮ್ಮ ಒಂದೇ ಒಂದು ಮಾತು ಕೇಳಿದ್ದರು. ಹನ್ನೊಂದು ಜನಕ್ಕೂ ಕೊನೆ ಅಂದ ಮೇಲೆ ಮೊದಲು ಯಾರು ಅಂತ. ಅದೆಲ್ಲ ಸ್ಟೇಜ್ ಮೇಲೆ ನೋಡ್ಕೋತೀನಿ ಬಿಡು, ಇಷ್ಟು ವರ್ಷದ ಅನುಭವ ಇದೆ, ಅಂದಿದ್ದರು ಇವರು.

ಮದುವೆ ದಿನ ಬಂತು. ಬೆಟ್ಟದ ಬುಡದ ಕಲ್ಯಾಣಮಂಟಪ, ಹತ್ತೂ ಇಪ್ಪತ್ತರಿಂದ ಹನ್ನೊಂದರ ಒಳಗೆ ಮುಹೂರ್ತ. ರಾಜಲಕ್ಷ್ಮಮ್ಮ ಬೆಳಗ್ಗೆಯಿಂದ ಕೂತು ಒಂದೊಂದೇ ಎಲೆ ಒರೆಸಿ, ತೊಟ್ಟು ಮುರಿದು, ತಟ್ಟೆಯಲ್ಲಿ ಹನ್ನೊಂದು ವೀಳ್ಯ ಜೋಡಿಸಿಟ್ಟಿದ್ದರು. ಹೊಸ ಜುಬ್ಬಾ ಹಾಕಿಕೊಂಡ ಗಂಗಹನುಮಯ್ಯನವರು ಒಂದು ಕೈಯಲ್ಲಿ ಆ ತಟ್ಟೆ, ಇನ್ನೊಂದರಲ್ಲಿ ಮೈಕು ಹಿಡಿದು ಮೊದಲ ಮನೆಯ ಹೆಸರು ಕೂಗಿದರು. ಯಾರೂ ಬರಲಿಲ್ಲ. ಎರಡನೇ ಮನೆ ಕೂಗಿದರು. ಆ ಯಜಮಾನರು ಎದ್ದು ನಿಂತು, ದಯಮಾಡಿ ಅವರಿಗೆ ಮೊದಲು ಕೊಡಿ ಅಂತ ಮೂರನೇ ಮನೆಯವರ ಕಡೆ ಕೈ ತೋರಿಸಿ ಹೊರಗೆ ನಡೆದುಬಿಟ್ಟರು. ಮೂರನೇ ಮನೆಯವರು ಅಷ್ಟರಲ್ಲಿ ರಸ್ತೆ ದಾಟಿ ಟೀ ಅಂಗಡಿಯಲ್ಲಿದ್ದರು. ಗಂಗಯ್ಯ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಿದ್ದ. ಕುಮಾರಸ್ವಾಮಿ ಅಡುಗೆಯವರ ಹಿಂದೆ ಕೂತು ಈರುಳ್ಳಿ ಹೆಚ್ಚುತ್ತಿದ್ದ, ಜನ್ಮದಲ್ಲಿ ಮೊದಲ ಸಲ. ಸಣ್ಣರಂಗಯ್ಯನವರು ಕಾರಿನ ಗಾಜು ಏರಿಸಿಕೊಂಡು ಒಳಗೇ ಕೂತು, ಎಷ್ಟು ವೀಳ್ಯ ಎದ್ದವು ಅಂತ ಐದೈದು ನಿಮಿಷಕ್ಕೆ ಫೋನ್ ಮಾಡಿ ಕೇಳುತ್ತಿದ್ದರು. ಒಂದೂ ಎದ್ದಿಲ್ಲ ಅನ್ನೋದು ಕೇಳಿ, ಹಂಗಾದ್ರೆ ಇನ್ನೂ ಟೈಮೈತೆ, ಅಂತ ಸೀಟು ಹಿಂದಕ್ಕೆ ಬಾಗಿಸಿಕೊಂಡರು.

ಗಂಗಹನುಮಯ್ಯನವರು ಹನ್ನೊಂದು ಹೆಸರನ್ನೂ ಮೇಲಿಂದ ಕೆಳಕ್ಕೆ ಕೂಗಿದರು, ಕೆಳಗಿಂದ ಮೇಲಕ್ಕೆ ಕೂಗಿದರು. ಮೈಕ್‌ಸೆಟ್ಟಿನವನು ಪಾಪ, ಧ್ವನಿ ಜಾಸ್ತಿ ಮಾಡಿಕೊಟ್ಟ. ಬೆಟ್ಟಕ್ಕೆ ತಾಕಿ ಹೆಸರುಗಳು ವಾಪಸು ಬಂದವೇ ಹೊರತು ಮನುಷ್ಯರು ಬರಲಿಲ್ಲ. ಐನೋರು ಮೊಬೈಲ್ ತೆಗೆದು ನೋಡಿ, ಇನ್ನು ಹನ್ನೆರಡೇ ನಿಮಿಷ, ವೀಳ್ಯ ಏಳದೆ ನಾನು ತಾಳಿ ಮುಟ್ಟೋದಿಲ್ಲ, ಆಮೇಲೆ ಇವತ್ತಿಗೆ ಮುಹೂರ್ತ ಇಲ್ಲ, ಅಂದರು. ನವೀನ್ ಹಣೆಯ ಮೇಲೆ ಬಾಸಿಂಗ ಜಾರಿತ್ತು. ಬಿಂದುಶ್ರೀ ಕಣ್ಣು ತುಂಬಿಕೊಂಡು ಅಪ್ಪನನ್ನು ನೋಡಿದಳು. ಅಪ್ಪ ಪಟ್ಟಿ ನೋಡುತ್ತಿದ್ದರು. ಅವಳು ಅಮ್ಮನ ಕಡೆ ತಿರುಗಿದಳು.

ರಾಜಲಕ್ಷ್ಮಮ್ಮ ಬಂದು ಗಂಡನ ಕೈಯಿಂದ ತಟ್ಟೆ ತೆಗೆದುಕೊಂಡರು, ಮನೆಯಲ್ಲಿ ಸೌಟು ತೆಗೆದುಕೊಳ್ಳುತ್ತಿದ್ದ ಹಾಗೆಯೇ. ಮೈಕು ಹತ್ತಿರವೇ ಇತ್ತು, ಅವರು ಮೆತ್ತಗೆ ಆಡಿದ್ದೂ ಟೀ ಅಂಗಡಿವರೆಗೂ ಕೇಳಿಸಿತು.

"ಇಪ್ಪತ್ತೆಂಟು ವರ್ಷದಿಂದ ಈವಪ್ಪ ಇಡೀ ತಾಲ್ಲೂಕನ್ನ ಸ್ವಾಗತ ಮಾಡವ್ರೆ. ನನ್ನ ಹೆಸ್ರು ಮೊದ್ಲೂ ಬಂದಿಲ್ಲ, ಕೊನೇಗೂ ಬಂದಿಲ್ಲ. ಪಟ್ಟೀಲೇ ಇಲ್ದೋಳಿಗೆ ಹೋಗೋ ಮಾನ ಯಾವ್ದು? ಮೊದಲ ವೀಳ್ಯ ನಂಗೇ ಇರ್ಲಿ."

ಒಂದು ವೀಳ್ಯ ಎತ್ತಿ ಕಣ್ಣಿಗೊತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು. ಇದು ಶಾಸ್ತ್ರದಲ್ಲಿದೆಯಾ ಅಂತ ಯಾರೋ ಕೇಳಿದರು. ಐನೋರು ಮೊಬೈಲ್ ನೋಡಿಕೊಂಡು, ಮನೆಗೊಂದು ವೀಳ್ಯ ಅಂತಿದೆ, ಮೀಸೆಗೊಂದು ಅಂತ ಎಲ್ಲೂ ಇಲ್ಲ, ಬೇಗ ಬನ್ನಿ, ಅಂದರು. ರಾಜಲಕ್ಷ್ಮಮ್ಮ ಬನ್ನಿ ಬೀಗಿತ್ತಿ ಅಂತ ಕರೆದದ್ದಕ್ಕೆ ಮಾರಕ್ಕ ಕಾರಿನ ಕಡೆ ಒಮ್ಮೆ ನೋಡಿ, ಎದ್ದು ಬಂದು ಎರಡನೆಯದನ್ನು ತೆಗೆದುಕೊಂಡರು. ಆಮೇಲೆ ಕುಮಾರಸ್ವಾಮಿಯ ಹೆಂಡತಿ, ಗಂಗಯ್ಯನ ಹೆಂಡತಿ, ಟೀ ಅಂಗಡಿಯಲ್ಲಿ ಅಡಗಿದ್ದವರ ಹೆಂಡತಿಯರು. ಯಾರು ಮುಂದೆ ಯಾರು ಹಿಂದೆ ಅಂತ ಒಬ್ಬರೂ ನೋಡಲಿಲ್ಲ. ಸೆರಗು ಸಿಕ್ಕಿಸಿಕೊಂಡು ಬಂದರು, ತೆಗೆದುಕೊಂಡರು, ಹೋದರು. ಸಾಲು ಮುಗಿಯೋಕೆ ಐದು ನಿಮಿಷ ಹಿಡಿಯಲಿಲ್ಲ.

ಎರಡು ಮನೆಯಿಂದ ಹೆಂಗಸರು ಬಂದಿರಲಿಲ್ಲ, ಅದರಲ್ಲೊಂದು ಆಗಲೇ ರಾಜಲಕ್ಷ್ಮಮ್ಮನ ಸೊಂಟದಲ್ಲಿತ್ತು, ಇನ್ನೊಂದು ತಟ್ಟೆಯಲ್ಲಿ ಉಳಿಯಿತು. ಹನ್ನೊಂದು ಗಂಡಸರು ಇಡೀ ಬೆಳಗ್ಗೆ ಬಚ್ಚಿಟ್ಟುಕೊಂಡು ಕಾದಿದ್ದ ಕೊನೆ ವೀಳ್ಯ. ರಾಜಲಕ್ಷ್ಮಮ್ಮ ತಟ್ಟೆ ಹಿಡಿದು ಹಿಂದಿನ ಕಂಬದ ಹತ್ತಿರ ಹೋದರು. ಅಲ್ಲಿ ಹುಡುಗನ ತಾಯಿ ವೇದಾವತಿ, ಗಂಡ ಸತ್ತವಳು ಶುಭಕಾರ್ಯಕ್ಕೆ ಮುಂದೆ ಬರಬಾರದು ಅಂತ ಕಂಬಕ್ಕೆ ಮರೆಯಾಗಿ ಕೂತಿದ್ದರು. ನನಗೆ ಬೇಡ ಕಣಕ್ಕ, ಅಂದರು ಆಕೆ. ಹೆತ್ತೋಳಿಗಿಲ್ದೆ ಇನ್ಯಾರಿಗೆ ಅಂತ ರಾಜಲಕ್ಷ್ಮಮ್ಮ ಅವರ ಕೈ ಹಿಡಿದು ವೀಳ್ಯ ಇಟ್ಟು, ಬೆರಳು ಮಡಚಿ, ಮಂಟಪದ ಮುಂದಕ್ಕೆ ಕರೆತಂದರು. ನವೀನ್ ತಾಯಿಯನ್ನು ನೋಡಿ ತಲೆ ತಗ್ಗಿಸಿ ಕಣ್ಣೊರೆಸಿಕೊಂಡ. ಗಟ್ಟಿಮೇಳ ಮೊಳಗಿತು, ಹುಡುಗ ಬಿಂದುಶ್ರೀಗೆ ತಾಳಿ ಕಟ್ಟಿದ. ಹನ್ನೊಂದಕ್ಕೆ ಇನ್ನೂ ನಾಲ್ಕು ನಿಮಿಷ ಇತ್ತು.

ಗಟ್ಟಿಮೇಳ ಕೇಳಿ ಟೀ ಅಂಗಡಿಯಿಂದ, ಬಚ್ಚಲಿಂದ, ಈರುಳ್ಳಿ ರಾಶಿಯಿಂದ ಯಜಮಾನರೆಲ್ಲ ಎದ್ದುಬಿದ್ದು ಓಡಿಬಂದರು. ಸಣ್ಣರಂಗಯ್ಯ ಕಾರಿನ ಬಾಗಿಲು ತೆರೆದೇ ಬಿಟ್ಟು ಬಂದರು. ತಟ್ಟೆಯಲ್ಲಿ ಎರಡು ಹನಿ ನೀರಷ್ಟೇ ಇತ್ತು. ನನ್ನ ವೀಳ್ಯ ಎಲ್ಲಿ ಅಂತ ಅವರು ಗುಡುಗಿದರು. ಮಾರಕ್ಕ ಎಲೆ ಜಗಿಯುತ್ತಾ, ನಮ್ಮನೇಗೆ ಬಂದೈತೆ ಬುಡು, ಅಂದರು. ಜಗಳ ತೆಗೆಯೋಣ ಅಂದರೆ ತಂತಮ್ಮ ಹೆಂಡತಿಯರ ಜೊತೆಗೇ ತೆಗೆಯಬೇಕು. ಅಷ್ಟು ಧೈರ್ಯ ಆ ಹನ್ನೊಂದು ಮನೆತನದಲ್ಲಿ ಯಾರಿಗೂ ಇರಲಿಲ್ಲ. ಮೊದಲೂ ಇಲ್ಲದೆ ಕೊನೆಯೂ ಇಲ್ಲದೆ ನಿಂತಿದ್ದಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ ಅಂತ ಸಣ್ಣರಂಗಯ್ಯ ರೇಣುಕಪ್ರಸಾದ್‌ನ ಕೇಳಿದರು. ಮೇಷ್ಟ್ರು ಈ ಸಲ ಬುದ್ಧಿವಂತರಾಗಿದ್ದರು. ಅದಕ್ಕೆ ಪದ ಇಲ್ಲ ಯಜಮಾನ್ರೆ ಅಂತ ಊಟದ ಹಾಲಿನ ಕಡೆ ಹೋದರು, ಮೊದಲನೇ ಪಂಕ್ತಿಗೇ.

ಉಳಿದ ಗಂಡಸರು ಊಟದಲ್ಲಾದರೂ ಕೊನೆಯವರಾಗೋಣ ಅಂತ ಕಾದರು. ಅವರ ಪಂಕ್ತಿ ಬರುವಷ್ಟರಲ್ಲಿ ಹೋಳಿಗೆ ಮುಗಿದು ಅನ್ನ ಸಾರು ಉಳಿದಿತ್ತು.

ಎಲ್ಲ ಮುಗಿಯಿತು ಅನ್ನುವಾಗ ಗಂಗಹನುಮಯ್ಯನವರು ವಂದನಾರ್ಪಣೆಗೆ ಮೈಕು ಹಿಡಿದರು. ಅವತ್ತು ಅವರಿಗೂ ಸ್ವಲ್ಪ ಬುದ್ಧಿ ಬಂದಿತ್ತು ಅಂತಲೇ ಹೇಳಬೇಕು. ಪಟ್ಟಿ ಮಡಚಿ ಜೇಬಿಗಿಟ್ಟರು. ಹನ್ನೊಂದು ಮನೆಯನ್ನೂ ಬಿಟ್ಟರು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಹೆಂಡತಿಯನ್ನು ನೋಡಿದರು, ಜುಬ್ಬಾದ ತೋಳಲ್ಲಿ ಮೂಗು ಒರೆಸಿಕೊಂಡರು. ರಾಜಲಕ್ಷ್ಮಮ್ಮ ಕೈಯಲ್ಲಿದ್ದ ಸೌಟು ಕೆಳಗಿಟ್ಟರು. ಬಿಂದುಶ್ರೀ ಅಮ್ಮನ ಪಕ್ಕಕ್ಕೆ ಬಂದು ನಿಂತಳು.

"ಲಾಸ್ಟ್ ಬಟ್ ನಾಟ್ ಲೀಸ್ಟ್," ಅಂದರು ಗಂಗಹನುಮಯ್ಯ. ಮುಂದಿನದನ್ನು ಅವರು ಹೇಳಬೇಕಾಗೇ ಇರಲಿಲ್ಲ, ಇಪ್ಪತ್ತೆಂಟು ವರ್ಷ ಪಳಗಿದ ನಾಲಿಗೆ ತಾನೇ ಹೇಳಿಬಿಟ್ಟಿತು. "ನಮ್ಮ ಮೈಕ್‌ಸೆಟ್ಟಿನವರಿಗೆ ಹೃತ್ಪೂರ್ವಕ ವಂದನೆಗಳು."

ಚಪ್ಪಾಳೆ ಬಿತ್ತು. ಮೈಕ್‌ಸೆಟ್ಟಿನವನು ಕೈ ಮುಗಿದು ವೈರು ಸುತ್ತತೊಡಗಿದ.

ಗಂಗಹನುಮಯ್ಯನವರು ಊಟದ ಹಾಲಿಗೆ ಬಂದಾಗ ಪಾತ್ರೆಗಳನ್ನು ಮಗುಚಿ ಹಾಕಿದ್ದರು. ರಾಜಲಕ್ಷ್ಮಮ್ಮ ಒಂದು ಕುರ್ಚಿ ಎಳೆದುಕೊಂಡು ಕೂತು, ಸೊಂಟದಿಂದ ಮೊದಲ ವೀಳ್ಯ ತೆಗೆದು ಸುಣ್ಣ ಹಚ್ಚುತ್ತಿದ್ದರು. ನನಗೇನಾದರೂ ಉಳಿದಿದೆಯಾ ಅಂತ ಇವರು ಮೆಲ್ಲಗೆ ಕೇಳಿದರು. ಆಕೆ ಎಲೆ ಮಡಚಿ ದವಡೆಗಿಟ್ಟುಕೊಂಡು, ನಿಧಾನವಾಗಿ ಜಗಿದು, ಆಮೇಲೆ ಹೇಳಿದರು.

"ಮೈಕ್‌ಸೆಟ್ನೋರು ಇನ್ನೂ ಹೊರಟಿಲ್ಲ. ಹೋಗಿ, ಅವ್ರೇ ಬಡಿಸ್ತಾರೆ."